ಹಳೆ ಶೇಪಿನ ಎಡಬಾಗಿಲು

ನಾವು ಆ ಕಾರನ್ನು ಕೊಳ್ಳುವ ಹೊತ್ತಿಗೇ ಅದರ ಮಾದರಿ ನಿಂತುಹೋಗಿತ್ತು. ಎಂಬತ್ತರ ದಶಕದ ನಡುವೆ ನಮ್ಮ ಕಡೆ ಮೊದಲು ಕಾಣಿಸಿಕೊಂಡ ಆ ಸಣ್ಣ ಕಾರು ಡಬ್ಬಿಯ ಹಾಗೆ ಚೌಕಾಗಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿಯವರು ಅದನ್ನು ಬಿಟ್ಟು, ಅದೇ ಹೆಸರಿನಲ್ಲಿ ಮೂಲೆಗಳು ದುಂಡಗಾದ ಹೊಸದನ್ನು ತಂದರು. ಸಿಂಧನೂರಿನ ಹತ್ತಿರ, ಆಂಧ್ರದಿಂದ ಬಂದವರು ನೆಲೆಸಿ ಕಟ್ಟಿಕೊಂಡ ಕ್ಯಾಂಪಿನಲ್ಲಿ, ತೆಲುಗಿನ ರೈಸ್ ಮಿಲ್ ಮಾಲೀಕರೊಬ್ಬರಿದ್ದರು. ಹೊಸದು ಕೈಗೆ ಬಂದದ್ದೇ ಅವರು ತಮ್ಮ ಹಳೆಯದನ್ನು ಅಪ್ಪನಿಗೆ ಮಾರಿದರು. ಅಪ್ಪನಿಗೆ ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇತ್ತು. ಮಿಲ್ಲಿನವರ ಮನೆಯ ಮದುವೆಗಳಿಗೆ ಬಟ್ಟೆ ನಮ್ಮಲ್ಲಿಂದಲೇ ಹೋಗುತ್ತಿತ್ತು.

“ಬಂಗಾರದಂಥ ಗಾಡಿ ಅಂಡಿ,” ಎಂದರು ಅವರು. “ಹೊಸಾದು ಬಂತಂತ ಕೊಡಾಕತ್ತೀನಿ, ಕೆಟ್ಟೈತಿ ಅಂತ ಅಲ್ಲ.”

ಅಪ್ಪ ಕಾರು ಕೊಂಡದ್ದು ಅಕ್ಕನಿಗಾಗಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎರಡೂ ಕಾಲಿನ ಬಲ ಹೋಗಿತ್ತು. ಬೂಟಿನಿಂದ ತೊಡೆಯವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಎರಡು ಊರುಗೋಲಿನ ಮೇಲೆ ನಡೆಯುತ್ತಿದ್ದಳು. ಅಷ್ಟಾಗಿಯೂ ಓದಿ, ಮಸ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಲಿಂಗಸುಗೂರಿನಿಂದ ಮಸ್ಕಿಗೆ ದಿನವೂ ಬಸ್ಸು. ಬಸ್ಸಿನ ಮೆಟ್ಟಿಲು ಅವಳ ಸೊಂಟದ ಮಟ್ಟಕ್ಕಿರುತ್ತಿತ್ತು. ಇತ್ತ ಅಪ್ಪ, ಅತ್ತ ಕಂಡಕ್ಟರು ಹಿಡಿದು ಮೇಲೆತ್ತಬೇಕು. ಕಂಡಕ್ಟರು ಒಳ್ಳೆಯ ಮನುಷ್ಯ. “ಸರೀರಿ, ಸರೀರಿ, ಟೀಚರ್ ಬಂದಾರ” ಎಂದು ದಾರಿ ಬಿಡಿಸುತ್ತಿದ್ದ. ಎಲ್ಲರೂ ಸರಿದು ನಿಂತು ನೋಡುತ್ತಿದ್ದರು.

ಒಂದು ಸಂಜೆ ಮನೆಗೆ ಬಂದವಳೇ ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ ಹೇಳಿದಳು: “ಮೂಟಿ ಎತ್ತಿದಂಗ ಎತ್ತತಾರವ್ವ ನನ್ನ. ಅದೇ ಬಸ್ಸಿನಾಗ ನಮ್ಮ ಸಾಲಿ ಹುಡುಗ್ಯಾರೂ ಇರ್ತಾವ. ಆಮ್ಯಾಲೆ ಅವಕ್ಕ ನಾ ಹ್ಯಾಂಗ ಪಾಠ ಹೇಳ್ಲಿ?”

ಕೆಲವು ತಿಂಗಳಲ್ಲಿ ಕಾರು ಬಂತು.

ಆ ಕಾರಿನ ಮುಂದಿನ ಎಡಬಾಗಿಲು ಅಗಲವಾಗಿ ತೆರೆಯುತ್ತಿತ್ತು. ಸೀಟು ಅವಳ ಎತ್ತರಕ್ಕೆ ಹೇಳಿ ಮಾಡಿಸಿದಂತಿತ್ತು. ಅವಳು ಬೆನ್ನು ಮಾಡಿ ನಿಂತು, ಊರುಗೋಲನ್ನು ಒಳಗೆ ಹಾಕಿ, ಹಿಂದಕ್ಕೆ ಕುಳಿತು, ಎರಡು ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಹಿಡಿದುಕೊಳ್ಳಲು ಇರಲೆಂದು ಅಪ್ಪ ಬಾಗಿಲ ಪಕ್ಕದ ಕಂಬಕ್ಕೆ ಒಂದು ಕಬ್ಬಿಣದ ಹಿಡಿ ಬೆಸುಗೆ ಹಾಕಿಸಿದ. ಮೊದಲ ದಿನ ಅಕ್ಕ ಹತ್ತಿ ಕುಳಿತು ಬಾಗಿಲನ್ನು ತಾನೇ ಎಳೆದುಕೊಂಡಳು. ಆಮೇಲೆ ಅದನ್ನು ತೆರೆದು ಇನ್ನೊಮ್ಮೆ ಎಳೆದುಕೊಂಡಳು. ಅಪ್ಪ ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದ.

ಅಪ್ಪ ಹೆಚ್ಚು ಕಾಲ ಕಾರು ಓಡಿಸಲಿಲ್ಲ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಎದುರಿಗೆ ಬರುವ ಲಾರಿ ಹತ್ತಿರವಾಗುವವರೆಗೂ ಅವನಿಗೆ ಕಾಣುತ್ತಿರಲಿಲ್ಲ. ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನು ಓಡಿಸುವುದನ್ನು ಕಲಿತೆ. ಲಿಂಗಸುಗೂರಿನಲ್ಲಿ ಆಗ ಹೆಂಗಸು ಕಾರು ಓಡಿಸುವುದನ್ನು ಜನ ಕಂಡಿರಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಚಹಾ ಕುಡಿಯುವವರು ಕಪ್ಪು ಕೆಳಗಿಟ್ಟು ನೋಡುತ್ತಿದ್ದರು. ಅಕ್ಕ ಮಾತ್ರ ಪಕ್ಕದಲ್ಲಿ ಕುಳಿತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ, “ಮಂದಿ ಕಡೆ ನೋಡಬ್ಯಾಡ, ಗೇರ್ ಬದಲ ಮಾಡು” ಎನ್ನುತ್ತಿದ್ದಳು. ಅವಳನ್ನು ಶಾಲೆಗೆ ಬಿಟ್ಟು ಮನೆಗೆ ಬಂದು, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ಕಾಲ ಮತ್ತೆ ಬರಲಿಲ್ಲ.

ಒಂದು ಸಂಜೆ ಶಾಲೆಯ ಮುಂದೆ ಕಾರು ನಿಲ್ಲಿಸಿ ಅಕ್ಕನನ್ನು ಕರೆಯಲು ಒಳಗೆ ಹೋಗಿದ್ದೆ. ಕಲ್ಲು ತುಂಬಿದ ಟ್ರ್ಯಾಕ್ಟರೊಂದು ಆ ಇಕ್ಕಟ್ಟಿನ ಓಣಿಯಲ್ಲಿ ತಿರುಗಿತು. ಅದರ ಟ್ರೇಲರಿನ ಮೂಲೆ ನಮ್ಮ ಎಡಬಾಗಿಲಿಗೆ ಹೊಕ್ಕಿತು. ಸದ್ದು ಕೇಳಿ ಹೊರಗೆ ಬಂದಾಗ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು, ಕಂಬ ಬಾಗಿತ್ತು, ಅಪ್ಪ ಹಾಕಿಸಿದ ಹಿಡಿ ಕಿತ್ತು ನೆಲಕ್ಕೆ ಬಿದ್ದಿತ್ತು. ಟ್ರ್ಯಾಕ್ಟರಿನವನು ಇಳಿದು ಕೈ ಮುಗಿದು ನಿಂತ. “ತಪ್ಪಾತ್ರಿ ಅಕ್ಕಾರ, ಹಿಂದಿಂದು ಕಾಣಲಿಲ್ಲ.” ಅಕ್ಕ ಊರುಗೋಲಿನ ಮೇಲೆ ನಿಂತು ಬಾಗಿಲನ್ನೇ ನೋಡುತ್ತಿದ್ದಳು.

ಸಿಂಧನೂರಿನ ಮೇಸ್ತ್ರಿಯ ಗ್ಯಾರೇಜಿಗೆ ಕಾರನ್ನು ಒಯ್ದೆವು. ಅವನು ಕಂಬವನ್ನು ಬಡಿದು ಎಳೆದು ಸುಮಾರಾಗಿ ನೆಟ್ಟಗೆ ಮಾಡಿದ. ಬಾಗಿಲು ಮಾತ್ರ ಹೊಸದೇ ಬೇಕು ಎಂದ. ರಾಯಚೂರು, ಹುಬ್ಬಳ್ಳಿ, ಹೈದರಾಬಾದ್ ಎಲ್ಲ ಕಡೆ ಹೇಳಿ ಕಳಿಸಿದ.

“ಹಳೆ ಶೇಪಿನ ಮಾಲ್ ಬರೂದು ಬಂದ್ ಆಗೈತ್ರಿ,” ಎಂದ ಒಂದು ದಿನ. “ಎಲ್ಲಾರೂ ಹೊಸ ಶೇಪಿಂದ ಇಟ್ಟಾರ.”

“ಹೊಸಾದನ್ನ ಕೂಡಿಸಾಕ ಬರಂಗಿಲ್ಲೇನು?” ಎಂದು ಅಪ್ಪ ಕೇಳಿದ.

“ನೋಡೂಣ್ರಿ.”

ಹೊಸ ಶೇಪಿನ ಬಾಗಿಲು ತರಿಸಿ ಹಿಡಿದು ನೋಡಿದ. ಅದರ ಅಂಚು ದುಂಡಗೆ, ನಮ್ಮದು ನೇರ. ಬಾಗಿಲ ಕೀಲಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಹೆಸರೇನೋ ಒಂದೇ, ಕಾರುಗಳು ಬೇರೆ. ಕೊನೆಗೆ ಹಳೆಯ ಬಾಗಿಲನ್ನೇ ಬಡಿದು ಕೂಡಿಸಿದ. ಅದು ಅರ್ಧಕ್ಕೆ ತೆರೆದು ನಿಲ್ಲುತ್ತಿತ್ತು. ಅಷ್ಟು ಸಂದಿಯಲ್ಲಿ ನಾನು ಕೂರಬಲ್ಲೆ, ಅವ್ವ ಕೂರಬಲ್ಲಳು. ಅಕ್ಕನ ಕಾಲಿನ ಪಟ್ಟಿ ಒಳಗೆ ತಿರುಗುತ್ತಿರಲಿಲ್ಲ. ಬಲಗಡೆಯಿಂದ ಹತ್ತಿಸಿ ನೋಡಿದೆವು, ಗೇರಿನ ಕೋಲಿಗೆ ಸಿಕ್ಕಿಕೊಂಡಿತು. ಹಿಂದಿನ ಬಾಗಿಲು ಇನ್ನೂ ಸಣ್ಣದು.

ಅಪ್ಪ ಅಕ್ಕನನ್ನು ಬಸ್ಸಿನಲ್ಲಿ ಮಿಲ್ಲಿನವರ ಮನೆಗೆ ಕರೆದೊಯ್ದ, ಅವರ ಹೊಸ ಕಾರಿನಲ್ಲಿ ಕೂರಿಸಿ ನೋಡಲು. ಹೊಸದರಲ್ಲಿ ಜಾಗ ಹೆಚ್ಚೆಂದು ಎಲ್ಲರೂ ಹೇಳುತ್ತಿದ್ದರು, ಇರಬಹುದು. ಅಕ್ಕ ಕುಳಿತಳು, ಕಾಲು ಎತ್ತಿ ಇಡಲು ಹೋದಾಗ ಬೂಟು ಪ್ರತಿ ಸಲ ಬಾಗಿಲ ಚೌಕಟ್ಟಿಗೆ ತಾಗಿತು. ಮಿಲ್ಲಿನವರು, ಅವರ ಮನೆಯವರು, ಅಪ್ಪ ಸುತ್ತ ನಿಂತಿದ್ದರು. ಅವಳ ಹಣೆ ಬೆವರಿತ್ತು. “ಸಾಕು ಬಿಡ್ರಿ,” ಎಂದಳು.

ಆಮೇಲಿನ ದಿನಗಳನ್ನು ನೆನೆಯಲು ಈಗಲೂ ಇಷ್ಟವಿಲ್ಲ. ನಾನೂ ಅಪ್ಪನೂ ಅವಳನ್ನು ಎತ್ತಿ ಆ ಅರ್ಧ ಬಾಗಿಲಿನಲ್ಲಿ ತೂರಿಸಲು ನೋಡುತ್ತಿದ್ದೆವು. ಅಪ್ಪನಿಗೆ ಕಣ್ಣು ಕಾಣದೆ ಅವಳ ತಲೆ ಚಾವಣಿಗೆ ಬಡಿಯುತ್ತಿತ್ತು. ಕೊನೆಗೆ ಪಕ್ಕದ ಮನೆಯವರು ಬಂದು ಎತ್ತತೊಡಗಿದರು. ಮಸ್ಕಿಯಲ್ಲಿ ಇಳಿಸಲು ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆಯುತ್ತಿದ್ದೆ. ಎತ್ತುವಾಗ ಅಕ್ಕ ಮುಖ ಆಚೆ ತಿರುಗಿಸಿರುತ್ತಿದ್ದಳು. ದಾರಿಯಲ್ಲಿ ಮಾತು ನಿಂತಿತು.

ದಸರೆ ರಜೆ ಮುಗಿಯುವ ಮೊದಲು ಅವಳೇ ಹೇಳಿದಳು: “ಸಾಲಿ ಹಿಂದ ಒಂದು ಖೋಲಿ ನೋಡೀನಿ. ಸಾಲಿ ಆಯಾ ಕೂಡ ಇರ್ತಾಳ. ಇನ್ನ ನಾ ಅಲ್ಲೇ ಇರ್ತೀನಿ.”

“ಹೆಣ್ಣುಮಗಳು ಒಬ್ಬಾಕಿ ಹ್ಯಾಂಗ ಇರ್ತಿ? ಮಂದಿ ಏನಂದಾರು?” ಎಂದ ಅಪ್ಪ.

“ಅಪ್ಪಾ, ನನ್ನ ಮುಟ್ಟದ ಮಂದಿ ಯಾರ ಉಳದಾರ ಹೇಳು.”

ಅಪ್ಪ ತಲೆ ಎತ್ತಿ ಅವಳ ಕಡೆ ನೋಡಿದ. ಅವಳ ಮುಖ ಅವನಿಗೆ ಕಾಣುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಅವ್ವ ಎದ್ದು ಅಕ್ಕನ ಹಾಸಿಗೆ ಸುತ್ತಲು ಹೋದಳು.

ಅಕ್ಕ ಹೋದ ಮೇಲೆ ಕಾರು ಅಂಗಡಿಯ ಹಿಂದೆ ನಿಂತಿತು. ಮೇಸ್ತ್ರಿಯೇ ಅದನ್ನು ಒಯ್ದ. ಗಂಗಾವತಿಯ ಕಡೆ ಯಾರಿಗೋ ಹಳೆ ಶೇಪಿನ ಬಲಬಾಗಿಲು ಬೇಕಾಗಿತ್ತಂತೆ, ತಿಂಗಳುಗಟ್ಟಲೆ ಹುಡುಕುತ್ತಿದ್ದರಂತೆ.

ನನಗೆ ಸಿಂಧನೂರಿಗೆ ಮದುವೆಯಾಯಿತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿಯವರು ಅದೇ ಕಾರಿನ ಮುಖ ಇನ್ನೊಮ್ಮೆ ಬದಲಿಸಿದರು. ದೀಪ ಬೇರೆ, ಬಂಪರ್ ಬೇರೆ. ಮುಂದೆ ಅದನ್ನೂ ನಿಲ್ಲಿಸಿದರೆನ್ನಿ. ನಮ್ಮ ಮನೆಯವರು ಆ ಹೊಸ ಮುಖದ ಕಾರು ಕೊಂಡ ವಾರ, ಮಗಳ ಹುಟ್ಟುಹಬ್ಬಕ್ಕೆ ಅಕ್ಕನನ್ನು ಕರೆತರಲು ನಾನೇ ಮಸ್ಕಿಗೆ ಹೋದೆ. ಅವಳು ಹೊರಗೆ ಬಂದು ಕಾರನ್ನು ಒಂದು ಸುತ್ತು ನೋಡಿದಳು. ಬಣ್ಣ ಚೆನ್ನಾಗಿದೆ ಎಂದಳು. ಕೂರಲು ನೋಡಲಿಲ್ಲ.

“ಒಂದು ಸಲ ನೋಡು ಅಕ್ಕಾ. ನಾ ಹಿಡಿತೀನಿ.”

“ಬ್ಯಾಡ ಬಿಡು. ಪಾಪುಗ ಅಂಗಿ ಹೊಲಿಸೀನಿ, ಒಯ್ಯಿ.” ಪೊಟ್ಟಣವನ್ನು ನನ್ನ ಕೈಗಿಟ್ಟು, “ಆಯಾಗ ಬಸ್ ಸ್ಟ್ಯಾಂಡಿಗೆ ಹೋಗೂದೈತಿ. ಆಕಿನ್ನ ಬಿಟ್ಟು ಹೋಗು,” ಎಂದಳು.

ಆಯಾ ಚಪ್ಪಲಿಯ ಮಣ್ಣು ಝಾಡಿಸಿ ಮುಂದಿನ ಸೀಟಿನಲ್ಲಿ ಕುಳಿತಳು. ಅವಳು ಕಾರು ಹತ್ತಿದ್ದು ಅದೇ ಮೊದಲಂತೆ. ಸೀಟು ಎಷ್ಟು ಮೆತ್ತಗಿದೆ, ಗಾಳಿ ಹೇಗೆ ಬರುತ್ತದೆ ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳುತ್ತಲೇ ಇದ್ದಳು. ನಾನು ಹೂಂ ಎನ್ನುತ್ತಿದ್ದೆ.