ಹುಲಿಕೆರೆಗೆ ಬಂದ ವಾರ್ಡು ಡಾಕ್ಟರು

ಗೆಂಡೆಹಳ್ಳಿಯ ಲಕ್ಕಮ್ಮ ಸೂಲಗಿತ್ತಿ. ಹೆರಿಗೆ ಮಾಡಿಸಿದ ಮನೆಯಿಂದ ಹನ್ನೊಂದನೆಯ ದಿನದ ನೀರು ಹಾಕುವ ತನಕ ಅವಳು ಕಾಲ್ತೆಗೆಯುತ್ತಿರಲಿಲ್ಲ. ಬಾಣಂತಿಗೆ ಜ್ವರ ಬಂತೇ, ಕೂಸು ಮೊಲೆ ಹಿಡಿಯಿತೇ ಎಂದು ನೋಡಿದ ಮೇಲೆಯೇ ತನ್ನ ತುತ್ತು. ಅವಳ ಮಗ ಕಾಳಯ್ಯ ಕೆರೆಯ ನೀರುಗಂಟಿ. ತೂಬು ಎತ್ತಿದ ಮೇಲೆ ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದ್ದನ್ನು ಕಾಲಲ್ಲಿ ತುಳಿದು ನೋಡದೆ ಮನೆಗೆ ಬಂದ ಗಂಡಸಲ್ಲ ಅವನು. ಇಂಥವರ ವಂಶದ ಕುಡಿ ದೇವೇಂದ್ರ, ಕಾಳಯ್ಯನ ಮೊಮ್ಮಗ, ಊರಿಗೇ ಮೊದಲ ಡಾಕ್ಟರು.

ಡಾಕ್ಟರಾದವನು ಬೇಲೂರಿನಲ್ಲಿ ಬೋರ್ಡು ಹಾಕಿ ಕೂರುತ್ತಾನೆಂದು ನೆಂಟರೆಲ್ಲ ಕಾದರು. ಅವನು ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿಗೆ ಸೇರಿಕೊಂಡ. ಹಾಸನದಿಂದ ದೊಡ್ಡ ಡಾಕ್ಟರುಗಳು ಬೆಳಗ್ಗೆ ಬರುವರು, ಮಂಚಕ್ಕೊಂದು ಮಾತು ಹೇಳುವರು, ಕಾರು ಹತ್ತುವರು. ಅಲ್ಲಿಂದ ಮುಂದೆ ರೋಗಿ ಉಂಡನೇ, ಉಚ್ಚೆ ಹೊಯ್ದನೇ, ನಿನ್ನೆಯ ಔಷಧಿಗೆ ಮೈ ತುರಿಸಿತೇ, ಎಲ್ಲ ಲೆಕ್ಕವೂ ದೇವೇಂದ್ರನ ತಲೆಯಲ್ಲಿ. ಹತ್ತೊಂಬತ್ತು ಮಂಚಗಳಲ್ಲಿ ಯಾವುದನ್ನು ಕೇಳಿದರೂ ಚೀಟಿ ನೋಡದೆ ಹೇಳಬಲ್ಲ.

"ಅದೇನ್ಲಾ, ಬೋರ್ಡಿಲ್ದ ಡಾಕ್ಟ್ರು ನೀನು! ಕಾವಲಿಗೆ ಕೂರಕ್ಕೆ ಇಷ್ಟ್ ಓದ್ಬೇಕಿತ್ತಾ?" ಎಂದು ಸೋದರಮಾವ ರಾಮಣ್ಣ ಛೇಡಿಸಿದರೆ, "ಕಾವಲು ಇಲ್ದಿದ್ರೆ ಬೆಳೆ ಯಾರ ಪಾಲು ಮಾವ?" ಎಂದು ನಗುವನು.

ತೊಂಬತ್ತೆಂಟರ ಮಾತು. ಹುಲಿಕೆರೆಯ ಮರಿಯಣ್ಣ ರಕ್ತ ವಾಂತಿ ಮಾಡಿಕೊಂಡು ಬಂದ. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಗುಳಿಗೆ ಹೊಟ್ಟೆಯನ್ನು ಹುಣ್ಣು ಮಾಡಿತ್ತು. ಎಂಟು ದಿನ ಕಣ್ಣಲ್ಲಿ ಕಣ್ಣಿಟ್ಟು ದೇವೇಂದ್ರ ಅವನನ್ನು ಉಳಿಸಿಕೊಂಡ. ಮನೆಗೆ ಕಳಿಸುವಾಗ ಹಳೇಬೀಡಿನ ಹಿರಿಯ ಡಾಕ್ಟರು ಪಾರ್ಥಸಾರಥಿಯವರಿಗೆ ಒಂದು ಕಾಗದ ಬರೆದ. ಮೂವತ್ತು ವರ್ಷದಿಂದ ಆ ಮನೆಯ ಕಾಯಿಲೆ ಕಸಾಲೆ ನೋಡುತ್ತಿದ್ದವರು ಅವರೇ. ಮಂಡಿಯ ಗುಳಿಗೆ ಇನ್ನು ಕೂಡದು, ಮತ್ತೆ ರಕ್ತ ಒಸರಿದರೆ ಜೀವಕ್ಕೇ ಸಂಚಕಾರ, ಎಂದಿತ್ತು ಕಾಗದದಲ್ಲಿ. "ಇದನ್ನ ನಿಮ್ಮ ಡಾಕ್ಟ್ರಿಗೆ ಕೊಡಿ, ಇದ್ರಲ್ಲೇ ನಿಮ್ಮ ಯಜಮಾನ್ರ ಜೀವ ಐತೆ" ಎಂದು ಮರಿಯಣ್ಣನ ಹೆಂಡತಿ ಗಿರಿಯಮ್ಮನ ಕೈಗಿಟ್ಟ.

ಮರಿಯಣ್ಣನನ್ನು ಕಳಿಸಿದ ಐದನೆಯ ದಿನ ದೇವೇಂದ್ರನಿಗೆ ವಾರದ ರಜೆ. ಕಳಿಸಿಕೊಟ್ಟ ರೋಗಿ ಹೇಗಿದ್ದಾನೋ ಎಂಬ ಹುಳ ತಲೆ ಹೊಕ್ಕು ಹಳೇಬೀಡಿನ ಬಸ್ಸು ಹತ್ತಿದ. ತಮ್ಮ ಔಷಧಿ ಷಾಪಿನಲ್ಲಿ ಕೂತಿದ್ದ ಪಾರ್ಥಸಾರಥಿಯವರು ಕನ್ನಡಕ ಮೇಲೆತ್ತಿದರು.

"ಯಾವ ಕಾಗದಾನಪ್ಪ? ದೊಡ್ಡಾಸ್ಪತ್ರೆಯವರು ನೀವು, ನಮ್ಮಂಥ ಹಳ್ಳಿ ಡಾಕ್ಟರಿಗೆ ಯಾಕೆ ಬರೀತೀರಿ? ಹೊಟ್ಟೆನೋವಿಗೆ ಸೇರಿದ್ದೆ ಅಂದ ಮರಿಯಣ್ಣ, ಅಷ್ಟೇ. ಬೆಳಗ್ಗೆ ತಾನೇ ಬಂದು ಮಂಡಿಗೆ ಗುಳಿಗೆ ಇಸ್ಕೊಂಡು ಹೋದ."

ದೇವೇಂದ್ರ ವಿಷಯ ಹೇಳಿದ. ಮುದುಕರ ಮುಖ ಇಳಿದುಹೋಯಿತು. ಬಾಗಿಲನ್ನೂ ಹಾಕದೆ, ದೇವೇಂದ್ರನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಒದ್ದರು.

ಹುಲಿಕೆರೆಯಲ್ಲಿ ಮರಿಯಣ್ಣ ಮುದ್ದೆ ಉಂಡು, ಗುಳಿಗೆ ನುಂಗಿ, ಜಗುಲಿಯ ಮೇಲೆ ಒರಗಿದ್ದ.

"ಗಿರಿಯಮ್ಮೋರೆ, ನಾನು ಕೊಟ್ಟ ಕಾಗ್ದ?"

"ಐತೆ ಬುದ್ಧಿ, ಎಲ್ಲೋಯ್ತದೆ?" ಎಂದು ಅವಳು ಹೆಮ್ಮೆಯಿಂದ ಒಳಗೆ ಕರೆದಳು. ದೇವರ ಗೂಡಿನಲ್ಲಿ, ದೀಪದ ಪಕ್ಕ, ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ದಾಸವಾಳ ಇಟ್ಟಿದ್ದಳು. "ಯಜಮಾನ್ರ ಜೀವ ಇದ್ರಲ್ಲೇ ಐತೆ ಅಂದ್ರಲ್ಲ. ಕಂಡೋರ ಕೈಗೆ ಎಂಗೆ ಕೊಡ್ಲಿ? ದಿನಾ ಕೈ ಮುಗೀತಿವ್ನಿ."

ಬೈಯಲು ಬಾಯಿ ತೆರೆದ ಪಾರ್ಥಸಾರಥಿಯವರನ್ನು ದೇವೇಂದ್ರ ತಡೆದ. "ಅವರದೇನೂ ತಪ್ಪಿಲ್ಲ ಸಾರ್. ಜೀವ ಇದ್ರಲ್ಲೈತೆ ಅಂತ ಹೇಳಿದ್ದು ನಾನು." ಉಳಿದ ಗುಳಿಗೆ ಕಿತ್ತುಕೊಂಡು, ಹೊಟ್ಟೆಯ ಔಷಧಿ ಕುಡಿಸಿ, ಮರಿಯಣ್ಣನ ನಾಡಿ ಹಿಡಿದು ಜಗುಲಿಯ ಮೇಲೇ ಕುಳಿತ. ಗಂಟೆಗೊಮ್ಮೆ ಕಣ್ಣರೆಪ್ಪೆ ಎಳೆದು ನೋಡಿದ, ಹೊಟ್ಟೆ ಒತ್ತಿ ನೋಡಿದ. ಮರಿಯಣ್ಣ ಬಯಲ ಕಡೆಗೆ ಹೋದರೂ ಹಿಂದೆಯೇ ಹೋದ.

"ಅಯ್ಯೋ ಶಿವನೇ, ಇದ್ಕೂ ಬತ್ತೀರಾ ಡಾಕ್ಟ್ರೇ?" ಎಂದ ಮರಿಯಣ್ಣ.

"ಅದನ್ನ ನೋಡಕ್ಕೇ ಬಂದಿರೋದು ಕಣಯ್ಯ. ಕಪ್ಪಗೈತಾ ಹೇಳು, ಕಪ್ಪಗಿದ್ರೆ ಒಳಗೆ ರಕ್ತ ಒಸರ್ತೈತೆ ಅಂತ."

ಕಪ್ಪಗಿರಲಿಲ್ಲ. ಹೊತ್ತು ಇಳಿಯುವ ವೇಳೆಗೆ ನಾಡಿ ನೆಟ್ಟಗೆ, ಮುಖ ಕಳೆಕಳೆಯಾಗಿತ್ತು. ಇಬ್ಬರು ಡಾಕ್ಟರೂ ಎದುರುಬದುರು ಕೂತು, ಮಂಡಿಗೆ ಬರೀ ಶಾಖ ಮತ್ತು ಎಣ್ಣೆ, ಹೊಟ್ಟೆಗೆ ಈ ಔಷಧಿ, ಇಷ್ಟು ದಿನ ಎಂದು ಬಾಯಿಬಿಟ್ಟು ಮಾತಾಡಿಕೊಂಡರು. ಗಿರಿಯಮ್ಮನಿಂದ ಎರಡು ಸಲ ಹೇಳಿಸಿದರು. ಆ ಹೊತ್ತಿನಲ್ಲಿ ದೇವೇಂದ್ರನ ಎದೆ ಯಾವ ಬೋರ್ಡಿಗಿಂತಲೂ ಅಗಲವಾಗಿತ್ತು ಎಂದರೆ ಸುಳ್ಳಲ್ಲ.

ಹೊರಡುವಾಗ ಪಾರ್ಥಸಾರಥಿಯವರು ಅವನ ಹೆಗಲ ಮೇಲೆ ಕೈಯಿಟ್ಟರು. "ವಾರಕ್ಕೊಂದು ರಜ ನಿಂದು, ಅದನ್ನೂ ಬಸ್ಸಲ್ಲಿ ಕಳೀಬೇಡ. ನಮ್ಮ ಕಾಂಪೌಂಡರ್‌ನ ಪ್ರತಿ ವಾರ ಅರಸೀಕೆರೆಗೆ ಕಳಿಸ್ತೀನಿ, ಈ ಕಡೆಯೋರ ಕಾಗದ ಎಲ್ಲ ಅವನ ಕೈಗೆ ಕೊಡು."

"ಬ್ಯಾಡಿ ಸಾರ್. ಕಾಗದ ಕೊಟ್ಟು ಕೈ ತೊಳ್ಕೊಂಡಿದ್ದು ಇದೊಂದ್ಸಲ ಸಾಕು. ನನ್ನ ರೋಗಿನ ನಿಮಗೆ ನಾನೇ ಬಂದು ಒಪ್ಪಿಸ್ತೀನಿ. ಬಸ್ಸು ತಪ್ಪಿದ್ರೆ ಲಾರಿ ಹತ್ತಿ ಬತ್ತೀನಿ, ಕಾಂಪೌಂಡರ್‌ನ ಮಾತ್ರ ಕಳಿಸ್ಬ್ಯಾಡಿ."