ದರ್ಜಿಯ ಮಗಳು ಒತ್ತಿದ ಗುಂಡಿ

ಪರದೆ ಬೆಳಗಿತು. ಮೊದಲು ನೆಲ ಕಂಡಿತು. ಆಮೇಲೆ ಬಟ್ಟೆಯ ಚೂರುಗಳು, ಹೊಲಿಗೆ ಯಂತ್ರದ ಕಾಲು, ಒಂದು ಜೊತೆ ಹವಾಯಿ ಚಪ್ಪಲಿ. ಮತ್ತೆ ನೆಲ, ಈ ಸಲ ತಲೆಕೆಳಗಾಗಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಏನೇ, ಚಪ್ಪಲೀನೇ ಹೀರೋನಾ?” ಎಂದಳು ನಮ್ಮಕ್ಕನ ಮಗಳ ಗೆಳತಿಯೊಬ್ಬಳು. ಇವಳು ಕುಗ್ಗಿ ಕುಗ್ಗಿ ತನ್ನ ಕೋಟಿನ ಕಾಲರಿನೊಳಗೇ ಇಳಿದುಹೋದಳು.

ಸಿನಿಮಾ ಕಾಲೇಜಿನ ಅವಳ ಮೇಷ್ಟ್ರದೊಂದು ಕಟ್ಟಳೆ: ತೆಗೆದದ್ದನ್ನು ತೆಗೆದವರೂ ನೋಡದೆ ತರಬೇಕು, ಮೊದಲ ಸಲ ಎಲ್ಲರೂ ಒಟ್ಟಿಗೆ ನೋಡಬೇಕು. ಮನೆಯವರೂ ಬರಬಹುದು. ಅಕ್ಕ ಬರುವ ಸ್ಥಿತಿಯಲ್ಲಿರಲಿಲ್ಲ, ನಾನು ಹೋಗಿದ್ದೆ. ಹುಡುಗಿ ತೆಗೆದದ್ದು ಅವಳಪ್ಪನನ್ನು. ತೆಗೆದ ಮರುವಾರವೇ ಭಾವ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವರು ಮತ್ತೆ ಏಳಲಿಲ್ಲ. “ಇವತ್ತು ಬೇಡಮ್ಮ” ಎಂದು ಮೇಷ್ಟ್ರು ಹೇಳಿ ನೋಡಿದರು. ಅವಳು ಕೇಳಲಿಲ್ಲ. ಅಪ್ಪನ ಮುಖವನ್ನು ಇನ್ನೊಂದು ಸಲ ನೋಡಬೇಕಿತ್ತು ಅವಳಿಗೆ.

ಕೊರಳಲ್ಲಿ ಅಳತೆ ಟೇಪಿಲ್ಲದ ಭಾವನನ್ನು ನಾನು ಅವರ ಮದುವೆಯ ಫೋಟೋದಲ್ಲೂ ನೋಡಿಲ್ಲ. ಮಗಳು ಸಿನಿಮಾ ಓದುತ್ತೇನೆ ಎಂದಾಗ ಅಕ್ಕ ಹೌಹಾರಿದ್ದಳು. ಭಾವ ಮಾತ್ರ, “ಓದ್ಲಿ ಬಿಡೇ. ಅಲ್ಲೂ ಕಟಿಂಗೇ ಅಂತೆ, ಜೋಡಿಸೋದೇ ಅಂತೆ. ಕಸುಬು ಮನೇಲೇ ಉಳೀತು” ಎಂದಿದ್ದರು.

ಚಿತ್ರ ತೆಗೆದ ದಿನ ಇಸ್ತ್ರಿ ಅಂಗಿ ತೊಟ್ಟು ಕೂತ ಮನುಷ್ಯ, ಸೂಜಿಗೆ ದಾರ ಪೋಣಿಸು ಎಂದರೆ ಕ್ಯಾಮೆರಾದ ಕೆಂಪು ದೀಪವನ್ನೇ ನೋಡುತ್ತಿದ್ದರಂತೆ.

“ಅಪ್ಪಾ, ಅದನ್ಯಾಕೆ ನೋಡ್ತೀಯ?”

“ಅದೇ ನನ್ನ ನೋಡ್ತಿದೆಯಲ್ಲೇ!”

ಅವಳು ಕೆಟ್ಟ ಟೇಕುಗಳನ್ನೆಲ್ಲ ಅಳಿಸಿ, ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿದಳು. ಆ ಹಳೇ ಕ್ಯಾಮೆರಾದ ಗುಂಡಿ ಒಮ್ಮೆ ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ; ಓಡುತ್ತಿದೆಯೋ ಇಲ್ಲವೋ ಹೇಳಲು ಇದ್ದದ್ದು ಆ ದೀಪವೊಂದೇ. ಪಟ್ಟಿ ಅಂಟಿಸುವಾಗ ಬೆರಳು ತಾಗಿ ಗುಂಡಿ ಒತ್ತಿಹೋಗಿತ್ತು. ಅಲ್ಲಿಂದ ಅವಳು ‘ಆ್ಯಕ್ಷನ್’ ಎಂದು ಒತ್ತಿದಾಗಲೆಲ್ಲ ಕ್ಯಾಮೆರಾ ಕಣ್ಣು ಮುಚ್ಚಿತು, ‘ಕಟ್’ ಎಂದು ಒತ್ತಿ ಕೆಳಗಿಳಿಸಿದಾಗಲೆಲ್ಲ ತೆರೆಯಿತು. ಅಪ್ಪನ ಮುಖ ಇದ್ದದ್ದು ಅಳಿಸಿದ ಟೇಕುಗಳಲ್ಲಿ ಮಾತ್ರ.

ಪರದೆಯ ಮೇಲೆ ಚಪ್ಪಲಿ ಹತ್ತಿರ ಬಂತು. ಭಾವನ ದನಿ.

“ಪುಟ್ಟಿ, ಸರಿಯಾಗಿ ಮಾಡಿದ್ನಾ? ಏ, ಕೋಟಿನ ತೋಳು ಬಿಟ್ಟುಹೋಗಿದೆ ನೋಡೇ. ಬಿಚ್ಚಿಕೊಡು, ಎರಡು ಹೊಲಿಗೆ ಹಾಕ್ತೀನಿ.”

“ಅಯ್ಯೋ, ಆಮೇಲಪ್ಪ! ಬೆಳಕು ಹೋಗ್ತಿದೆ.”

“ಒಂದು ನಿಮಿಷದ ಕೆಲ್ಸ ಕಣೇ.”

“ಆಮೇಲೆ ಅಂದ್ನಲ್ಲ!”

ಪರದೆ ಕಪ್ಪಾಯಿತು.

“ಇದಕ್ಕೆ ಇನ್ನು ಕತ್ತರಿ ಹಾಕ್ಬೇಡ” ಎಂದರು ಮೇಷ್ಟ್ರು. ವರ್ಷದ ಕೊನೆಗೆ ಅದನ್ನು ಹಾಗೆಯೇ ದೊಡ್ಡ ಸಭಾಂಗಣದಲ್ಲಿ ತೋರಿಸಿದರು. ಹುಡುಗಿ ವೇದಿಕೆ ಹತ್ತಿದಳು. ಅದೇ ಕೋಟು. ಭುಜದ ಹತ್ತಿರ ತೋಳು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು. ಮುಂದಿನ ಸಾಲಿನ ಗಡ್ಡದ ವಿಮರ್ಶಕರೊಬ್ಬರು ಗದ್ಗದಿತರಾಗಿ ಎದ್ದರು.

“ಆ ತೋಳನ್ನ ಹಾಗೇ ಉಳಿಸಿಕೊಂಡಿದೀರಲ್ಲಮ್ಮ, ಅದು ತಂದೆಯವರ ನೆನಪಿಗಾ?”

ಸಭೆ ಕರ್ಚೀಫು ತೆಗೆದು ಸಿದ್ಧವಾಯಿತು. ಅವಳು ತೋಳನ್ನೊಮ್ಮೆ ನೋಡಿಕೊಂಡಳು.

“ಇಲ್ಲ ಸಾರ್. ನಂಗೆ ಹೊಲಿಯಕ್ಕೆ ಬರಲ್ಲ.”