ಒಳಕೋಣೆಯ ದೋಸೆ

ನಮ್ಮ ಸಿರ್ಸಿಯಲ್ಲಿ ಹೋಟೆಲಿನಿಂದ ಹೊರಬೀಳುವ ಮರ್ಯಾದಸ್ಥ ಗಂಡಸು ಮೊದಲು ಬಾಯಿ ಒರೆಸಿಕೊಳ್ಳುತ್ತಾನೆ, ಆಮೇಲೆ ಬೀದಿಯ ಎರಡೂ ತುದಿಗಳನ್ನು ನೋಡುತ್ತಾನೆ. ಈ ಎರಡು ಕೆಲಸ ಮುಗಿದ ಮೇಲೆ ಅವನು ಹೋಟೆಲಿಗೆ ಹೋದವನೇ ಅಲ್ಲ. ಅವನ ಅನುಕೂಲಕ್ಕೆಂದೇ ಹೋಟೆಲುಗಳಲ್ಲಿ ಒಂದು ಒಳಕೋಣೆಯಿದೆ. ಕೂರಲು ಮಣೆ, ತಿನ್ನಲು ಬಾಳೆಯೆಲೆ, ತಪ್ಪಿಸಿಕೊಳ್ಳಲು ಹಿತ್ತಲ ಬಾಗಿಲು. ಹೋಟೆಲಿನ ಅನ್ನ ಮುಟ್ಟಿದವನ ಪಕ್ಕ ಕೂತು ಉಣ್ಣುವುದಿಲ್ಲವೆಂದು ಊರಲ್ಲಿ ಗುಡುಗುವವರೆಲ್ಲ ಸಂತೆಯ ದಿನ ಅದೇ ಕೋಣೆಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತು ತಿನ್ನುತ್ತಾರೆ. ತಿನ್ನುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆ ಕೋಣೆಗೆ ಹೆಂಗಸರಿಗೂ ಮಕ್ಕಳಿಗೂ ಪ್ರವೇಶವಿಲ್ಲ. ಹೆಂಗಸರು ನೆನಪಿಟ್ಟುಕೊಳ್ಳುತ್ತಾರೆ, ಮಕ್ಕಳು ಹೇಳಿಬಿಡುತ್ತಾರೆ.

ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಮೈ ಉರಿಯಲು ನನಗೆಷ್ಟು ಹಕ್ಕಿದೆ ಎಂಬುದನ್ನು ಮುಂದೆ ನೀವೇ ತೀರ್ಮಾನಿಸಿ.

ನಾನು ಕನ್ನಡ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎಂಬುದು ಅಣ್ಣನ ಮಾತು. ಅವನು ಕೊಲಂಬೋದಲ್ಲಿ ಯಾಲಕ್ಕಿ, ಮೆಣಸಿನ ವ್ಯಾಪಾರಿಯೊಬ್ಬನ ಹತ್ತಿರ ಗುಮಾಸ್ತನಾಗಿದ್ದ. ಅತ್ತಿಗೆ ಎರಡನೆಯ ಸಲ ಬಾಣಂತಿಯಾದಾಗ ಅಡಿಗೆಗೆಂದು ನನ್ನನ್ನು ಕರೆಸಿಕೊಂಡ. ಎರಡೂವರೆ ವರ್ಷ ನಾನು ಅಲ್ಲಿದ್ದೆ. ವಾರವಿಡೀ ನನ್ನ ಅಡಿಗೆ ಉಂಡವರಿಗೆ ಭಾನುವಾರವಾದರೂ ಬಿಡುಗಡೆ ಬೇಡವೆ? ಅಂದು ಅಣ್ಣ ಎಲ್ಲರನ್ನೂ ಹೋಟೆಲಿಗೆ ಕರೆದೊಯ್ಯುತ್ತಿದ್ದ. ಅಣ್ಣನ ಮಗಳು, ನನ್ನನ್ನು ಅಪ್ಪಚ್ಚಿ ಎನ್ನುತ್ತಿದ್ದ ಗೌರಿಗೆ ಆಗ ನಾಲ್ಕು ವರ್ಷ; ಅವಳ ತಮ್ಮ ಇನ್ನೂ ತೊಡೆಯ ಮೇಲಿನ ಕೂಸು. ಅವನು ಸಾರಿನ ಬಟ್ಟಲನ್ನು ಪಕ್ಕದವರ ಬಿಳಿ ಪಂಚೆಯ ಮೇಲೆ ಕವುಚಿದ ದಿನ, ಇವತ್ತು ಪೆಟ್ಟು ಬೀಳುತ್ತದೆ ಎಂದುಕೊಂಡು ನಾನು ಎದ್ದು ನಿಂತಿದ್ದೆ. ಪಂಚೆಯ ಯಜಮಾನ ನಕ್ಕು, ನಾವು ಉಂಡು ಮುಗಿಸುವವರೆಗೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ತಿರುಗಾಡಿದ. ಯಾರ ಮಗು, ಯಾವ ಜಾತಿಯದು ಎಂದು ಅವನು ಕೇಳಲಿಲ್ಲ. ಬಡಿಸುವವನು ಗೌರಿಗೆ ಅಂಗೈಯಗಲದ ಪುಟ್ಟ ದೋಸೆಗಳನ್ನು ಬೇರೆಯಾಗಿ ಹೊಯ್ಯಿಸಿ ತರುತ್ತಿದ್ದ. ನಾನು ನೀರುಳ್ಳಿ ದೋಸೆಯ ರುಚಿ ಕಂಡದ್ದು ಅಲ್ಲೇ. ನನ್ನದು ಮುಗಿದ ಮೇಲೆ ಗೌರಿಯ ದೋಸೆಯನ್ನೂ ಹರಿದು ತಿನ್ನುತ್ತಿದ್ದೆ. ಅವಳು ಬೇಕೆಂದೇ ಒಂದು ಚೂರು ಉಳಿಸಿ, ನನ್ನ ಕೈ ಬರುವುದನ್ನು ಕಾದು, ಬಂದೊಡನೆ ಕಳ್ಳ ಕಳ್ಳ ಎಂದು ಕೂಗುತ್ತಿದ್ದಳು.

ಅಣ್ಣನ ಸಂಸಾರದೊಂದಿಗೆ ಊರಿಗೆ ಮರಳಿದಾಗ ನನಗೆ ಮದುವೆಯ ಮಾತು ಬಂತು. ಸಮುದ್ರ ದಾಟಿದ್ದಕ್ಕೆ ಪಂಚಗವ್ಯ ಕುಡಿಸಿ ಶುದ್ಧಿ ಮಾಡಿದ್ದರು. ಸಮುದ್ರಕ್ಕೆ ಪರಿಹಾರವಿತ್ತು, ನೀರುಳ್ಳಿಗೆ ಇರಲಿಲ್ಲ. ಹುಡುಗಿಯ ಸೋದರಮಾವ, ಮತ್ತಿಘಟ್ಟದವರು, ನಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತ, ಎಲ್ಲರೆದುರು ಮೆಲ್ಲಗೆ ಕೇಳಿದರು: “ಅಲ್ಲಿ ಹೋಟ್ಲಲ್ಲಿ ಎಂತಾರು ತಿಂದಿದ್ಯನ, ತಮಾ?”

“ಇಲ್ಲೆ. ಆನೇ ಬೇಯಿಸ್ಕ್ಯಂಡು ಉಣ್ತಿದ್ದಿ,” ಎಂದೆ. ನಾನೇ ಬೇಯಿಸಿಕೊಂಡು ಉಂಡದ್ದು ನಿಜ, ಭಾನುವಾರ ಬಿಟ್ಟು.

ಗೌರಿ ಕಂಬ ಹಿಡಿದು ಸುತ್ತುತ್ತಿದ್ದವಳು ನಿಂತಳು. “ಅಪ್ಪಚ್ಚಿ ತಿಂದಿದ್ದ. ನೀರುಳ್ಳಿ ದೋಸೆ. ಎನ್ನ ದೋಸೇನೂ ಕಿತ್ಗಂಡು ತಿಂತಿದ್ದ.”

ನಾನು ನಕ್ಕು ಒಪ್ಪಿಕೊಳ್ಳಬಹುದಿತ್ತು. ಸಂಬಂಧ ಮುರಿಯುತ್ತಿತ್ತು, ನಾನು ಬದುಕುತ್ತಿದ್ದೆ. ಬದಲಿಗೆ, ಈ ಕೂಸು ಯಾವಾಗಲೂ ಹೀಗೇ, ಸುಳ್ಳು ಕಟ್ಟುತ್ತದೆ ಎಂದೆ. ಅತ್ತಿಗೆಗೆ ನಿಜ ಗೊತ್ತಿತ್ತು. ಭಾನುವಾರ ನನ್ನ ಎಲೆಗೆ ಚಟ್ನಿ ದಾಟಿಸುತ್ತಿದ್ದವಳೇ ಅವಳು. ಆದರೂ ಮೈದುನನ ಮದುವೆ ಉಳಿಯಲೆಂದು ಮಗಳ ಕೆನ್ನೆಗೆ ಹೊಡೆದಳು. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. “ಮಕ್ಕಳಿಗೆ ತಿನ್ಸಿದ್ದು ಆನು. ತಿಂದಿದ್ದೂ ಆನು. ಅಂವ ಹೊರಗೇ ನಿತ್ಕತ್ತಿದ್ದ,” ಎಂದ.

ಮದುವೆ ಆಯಿತು. ನನ್ನನ್ನು ಸಾಕಿದ ಅಣ್ಣ, ತಮ್ಮನ ಮದುವೆಯ ಊಟವನ್ನು ಪಂಕ್ತಿಯಿಂದಾಚೆ, ಹೊರಗಿನ ಕಟ್ಟೆಯ ಮೇಲೆ, ಹೆಂಡತಿ ಮಕ್ಕಳೊಂದಿಗೆ ಉಂಡ. ನಾನು ಪೇಟ ಸುತ್ತಿಕೊಂಡು ಒಳಗೆ ಕೂತಿದ್ದೆ. ಹೋಳಿಗೆ ಚೆನ್ನಾಗಿತ್ತು ಎಂಬುದು ಇಂದಿಗೂ ನೆನಪಿದೆ. ಅದಕ್ಕಾಗಿಯೂ ನಾಚುತ್ತೇನೆ.

ಹದಿನೈದು ದಿನಕ್ಕೆ ಅವರು ಮತ್ತೆ ಕೊಲಂಬೋಕ್ಕೆ ಹೊರಟರು. ಯಲ್ಲಾಪುರದವರೆಗೆ ನಾನೂ ಹೋದೆ. ಅಲ್ಲಿ ಸರ್ವಿಸ್ ಮೋಟಾರು ಓಡಿಸುತ್ತಿದ್ದ ಸಾಬರು, ಇಂಜಿನ್ನು ತಣಿಯಬೇಕು, ಮಕ್ಕಳಿಗೆ ಏನಾದರೂ ತಿನ್ನಿಸಿ ಬನ್ನಿ ಎಂದರು. ಚಿಕ್ಕವನು ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದ. ನಾನು ಗೌರಿಯ ಕೈ ಹಿಡಿದು ಹೋಟೆಲಿಗೆ ಹೋದೆ. ಸಂತೆಯ ದಿನಗಳ ಅಭ್ಯಾಸದಂತೆ ನನ್ನ ಕಾಲು ಒಳಕೋಣೆಯ ಕಡೆಗೇ ಹೊರಟಿತು. ಮಾಲಿಕ ತಡೆದ. ಮಕ್ಕಳು ನೆಲವೆಲ್ಲ ಚೆಲ್ಲುತ್ತವೆ, ಒಳಗಿನವರಿಗೆ ಕಿರಿಕಿರಿ, ಹೊರಗಿನ ಬೆಂಚಿಗೆ ಹೋಗಿ ಎಂದ. ಹಸಿದ ಮಗುವನ್ನು ಕಂಡು ಹೀಗೆನ್ನುವವನು ಒಲೆ ಯಾಕೆ ಹಚ್ಚಬೇಕು ಎಂದು ಕೇಳಬೇಕೆನಿಸಿತಷ್ಟೆ. ಅವಳಿಗೊಂದು ದೋಸೆ ಹೇಳಿ, ನನಗೇನೂ ಬೇಡವೆಂದು ಬೀದಿಗೆ ಬೆನ್ನುಹಾಕಿ ಕೂತೆ.

ಗೌರಿ ಅರ್ಧ ತಿಂದಿದ್ದಳು. ಆಗ ಒಳಕೋಣೆಯಿಂದ ಹೊರಬಂದವರು ಯಾರೆಂದುಕೊಂಡಿರಿ? ನನ್ನ ಹೆಂಡತಿಯ ಸೋದರಮಾವ, ಹೆಗಲ ಪಂಚೆಯಿಂದ ಬಾಯಿ ಒರೆಸಿಕೊಳ್ಳುತ್ತ. ನಮ್ಮನ್ನು ಕಂಡು ಒಂದು ಗಳಿಗೆ ತಡೆದರು. ಆಮೇಲೆ ಮುದ್ದಿನ ದನಿಯಲ್ಲಿ, “ಎಂತ ತಿಂದ್ಯೇ, ಕೂಸೆ?” ಎಂದರು.

ಎಲೆಯ ಮೇಲೆ ದೋಸೆ ಕಾಣುತ್ತಿತ್ತು. ಗೌರಿ ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

“ಅಪ್ಪಚ್ಚಿ, ಎಂತ ಹೇಳವು?”

ಏನು ಹೇಳಬೇಕೆಂದು ಅವಳು ನನ್ನನ್ನೇ ಕೇಳುತ್ತಿದ್ದಳು. “ತಿಂದಿ ಹೇಳು, ತಂಗಿ,” ಎಂದೆ. “ಕೊಲಂಬೋದಲ್ಲೂ ತಿಂದಿದ್ಯ. ಆನೂ ತಿಂದಿದ್ದಿ. ಸುಳ್ಳು ಹೇಳಿದ್ದು ಆನು.” ಕೊನೆಯ ಮಾತನ್ನು ಅವರ ಕಡೆ ತಿರುಗಿ, ಬೀದಿಗೂ ಕೇಳುವಂತೆ ಹೇಳಿದೆ.

ಅವರು ಸಿಟ್ಟಾಗುತ್ತಾರೆ ಎಂದು ಕಾದೆ. ಅವರು ನನ್ನ ಭುಜ ತಟ್ಟಿದರು. “ಯಂಗಕ್ಕೆ ಅದು ಆವತ್ತೇ ಗೊತ್ತಿತ್ತು, ತಮಾ. ಕೇಳವು ಹೇಳಿ ಕೇಳಿದ್ದು.” ಹೀಗೆಂದು, ಬೀದಿಯ ಎರಡೂ ಕಡೆ ನೋಡಿ, ನಡೆದುಬಿಟ್ಟರು.

ಕೇಳಬೇಕೆಂದು ಕೇಳಿದ್ದು! ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಹೊಡೆದ ತಾಯಿಗೆ ಗೊತ್ತಿತ್ತು. ಇಷ್ಟು ಜನಕ್ಕೆ ಗೊತ್ತಿದ್ದ ನಿಜವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಒಂದು ಮಗು ಸುಳ್ಳುಗಾತಿಯಾಯಿತು, ಒಬ್ಬ ಅಣ್ಣ ಪಂಕ್ತಿ ಕಳೆದುಕೊಂಡ. ಈ ನಾಟಕ ಆಡಿಸಿದವರ ಮೇಲೆ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಅವರು ಕೇಳಿದ್ದು ಪ್ರಶ್ನೆ ಮಾತ್ರ, ಉತ್ತರ ನನ್ನದು.

ನಾನು ಗೌರಿಗೆ ಮತ್ತೊಮ್ಮೆ, ಈಗ ಹೇಳು, ನಾನೇ ಇದ್ದೇನೆ ಎಂದೆ. ಅವಳು ಉಳಿದ ದೋಸೆಯ ಮೇಲೆ, ದೊಡ್ಡವರು ಊಟ ಮುಗಿಸಿದಾಗ ಮಾಡುವಂತೆ, ಎಲೆಯನ್ನು ಅಚ್ಚುಕಟ್ಟಾಗಿ ಮಡಿಸಿದಳು. “ಎನಗೆ ಹಶಿವಿಲ್ಲೆ,” ಎಂದಳು.

ಮೋಟಾರು ಹೊರಟುಹೋದ ಮೇಲೆ ನಾನು ಹೋಟೆಲಿಗೆ ಮರಳಿದೆ. ಎಲೆ ಇನ್ನೂ ಬೆಂಚಿನ ಮೇಲೇ ಇತ್ತು. ಅದನ್ನು ಬಿಡಿಸಿ, ಆ ಮಗುವಿನ ಎಂಜಲನ್ನು ಬೀದಿಗೆ ಮುಖಮಾಡಿ ಕೂತು ತಿಂದೆ. ಗುರುತಿನವರು ಮೂರು ನಾಲ್ಕು ಜನ ಹಾದುಹೋದರು. ಯಾರೂ ಏನೂ ಕೇಳಲಿಲ್ಲ.